ಗುಡಿಯಲ್ಲಿ ಉರುಳಿದ ಕೊಬ್ಬರಿ

ವೀರಭದ್ರಸ್ವಾಮಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ನಾನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. "ಇದೊಂದು ಸಲ ಕಟ್ಟು. ಪಾಸಾದ್ರೆ ಟೀಚರ್ ಟ್ರೈನಿಂಗು, ಇಲ್ದಿದ್ರೆ ಮದ್ವೆ ಕಣವ್ವ" ಎಂದಿದ್ದರು ಅಪ್ಪ. ಟೀಚರಾಗಬೇಕೆಂದು ನನಗೆ ಪ್ರಾಣ. ಆದರೆ ಬಲಗಳ ಪಾಠ ಎಷ್ಟು ಉರು ಹೊಡೆದರೂ ತಲೆಗೆ ಹತ್ತುತ್ತಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಸ್ವಾಮಿಗೆ ಒಡೆಸಲೆಂದು ಅವ್ವ ಅವಸರದಲ್ಲಿ ಕಾಯಿ ಸುಲಿದು ನನ್ನ ಚೀಲಕ್ಕೆ ಹಾಕಿ, ಜೊತೆಗೇ ಹೊರಟರು. ಬಿಳಿಗೆರೆಯಿಂದ ತಿಪಟೂರಿನವರೆಗೂ ಬಸ್ಸಿನಲ್ಲಿ ಚೀಲ ಲೊಡಲೊಡ ಎನ್ನುತ್ತಿತ್ತು. ಕಂಪಾಸ್ ಪೆಟ್ಟಿಗೆಯ ಸದ್ದೆಂದುಕೊಂಡೆವು. ತೆಂಗಿನ ಸೀಮೆಯವರಿಗೆ ಆ ಸದ್ದು ತಿಳಿಯಬೇಡವೇ!

ಅಲ್ಲಿನ ಸ್ವಾಮಿಯ ಗುಡಿಯಲ್ಲಿ ಪೂಜಾರಪ್ಪ ಒಡೆದರೆ ಹನಿ ನೀರಿಲ್ಲ. ಚಿಪ್ಪಿನೊಳಗೆ ಲೊಡಲೊಡ ಎನ್ನುತ್ತಿದ್ದ ಇಡೀ ಕೊಬ್ಬರಿ ಉಂಡೆ ಹೊರಬಿತ್ತು. ಕೊಬ್ಬರಿಗೆಂದು ವರ್ಷದಿಂದ ಅಟ್ಟದ ಮೇಲೆ ಒಣಗುತ್ತಿದ್ದ ಕಾಯಿಯನ್ನು ಅವ್ವ ಕುಲುಕಿ ನೋಡದೆ ತಂದಿದ್ದರು. ಉಂಡೆ ಕಲ್ಲುನೆಲದ ಮೇಲೆ ಉರುಳುತ್ತಾ ಬಂದು, ನಿಧಾನವಾಗಿ, ನನ್ನ ಪಾದದ ಮುಂದೆ ನಿಂತಿತು. ಅಪಶಕುನವೆಂದುಕೊಂಡೆ. ಅತ್ತೇಬಿಟ್ಟೆ.

"ಅಳಬ್ಯಾಡ ಕಣವ್ವ. ಕೆಟ್ಟ ಕಾಯಲ್ಲ, ಕೊಬ್ರಿ! ಸ್ವಾಮಿನೇ ನಿನ್ ತಾವ ಕಳಿಸವ್ನೆ, ತಗಂಡೋಗು" ಎಂದು ಪೂಜಾರಪ್ಪ ನಕ್ಕರು. ಗಂಟೆಯ ಹಗ್ಗ ಜಗ್ಗಿ ಹೊರಟೆ.

ಪ್ರಶ್ನೆಪತ್ರಿಕೆ ಬಿಡಿಸಿದರೆ ಅದೇ ಪಾಠ! ಸಂಪರ್ಕ ಬಲದ ವಿಧಗಳನ್ನು ಉದಾಹರಣೆ ಸಹಿತ ವಿವರಿಸಬೇಕಿತ್ತು. "ಸ್ವಾಮಿ, ನೀನೇ ಗತಿ" ಎಂದು ಕಣ್ಣುಮುಚ್ಚಿದೆ. ಆ ಉಂಡೆ ಮತ್ತೆ ಉರುಳಿತು. ಅದನ್ನು ತಡೆದು ನಿಲ್ಲಿಸಿದ್ದು ನೆಲದ ಘರ್ಷಣ ಬಲ. ಕೆಳಗಿಳಿಯಗೊಡದೆ ಹೊತ್ತದ್ದು ಕಲ್ಲಿನ ಅಭಿಲಂಬ ಬಲ. ಕಾಯಿ ಒಡೆದದ್ದು ಪೂಜಾರಪ್ಪನ ಸ್ನಾಯು ಬಲ. ಗಂಟೆ ಬಾರಿಸಿದ್ದು ಹಗ್ಗದ ಎಳೆತ. ಒಂದನ್ನೊಂದು ಮುಟ್ಟದೆ ಯಾವುದೂ ನಡೆದಿರಲಿಲ್ಲ. ಪಾಠವೆಲ್ಲ ಗುಡಿಯಲ್ಲೇ ಆಗಿತ್ತು! ಪೆನ್ನು ನಿಲ್ಲಲಿಲ್ಲ.

ಪಾಸಾದೆ. ಅಪ್ಪ ಮಾತು ಉಳಿಸಿಕೊಂಡರು. ನಿವೃತ್ತಿಯಾದರೂ ಇಂದಿಗೂ ಅದೇ ಪಾಠವನ್ನು ನಮ್ಮೂರ ಮಕ್ಕಳಿಗೆ ಹೇಳಿಕೊಡುತ್ತೇನೆ, ಕೈಯಲ್ಲೊಂದು ಕೊಬ್ಬರಿ ಉಂಡೆ ಹಿಡಿದು.

ಫಲಿತಾಂಶ ಬಂದ ದಿನ ಸ್ವಾಮಿಗೆ ಒಡೆಸಲು ಅಪ್ಪ ನೀರು ತುಂಬಿದ ಹೊಸ ಕಾಯಿ ತಂದಿಟ್ಟಿದ್ದರು. ಅವ್ವ ಅದನ್ನು ಪಕ್ಕಕ್ಕೆ ಸರಿಸಿ ತಾವೇ ಅಟ್ಟ ಹತ್ತಿದರು. ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಿದ್ದರು.

"ಏನೇ ಹುಡುಕ್ತಿದ್ದೀಯ ಅಲ್ಲಿ?" ಎಂದರು ಅಪ್ಪ.

"ಸುಮ್ಕಿರಿ. ಲೊಡಲೊಡ ಅನ್ನೋದೇ ಬೇಕು. ನಮ್ ಸ್ವಾಮಿಗೆ ಅದೇ ರುಚಿ ಹತ್ತೈತೆ."