ಹದಿನಾಲ್ಕು ಮಕ್ಕಳ ಮಸ್ಟರ್

2004ರ ಜೂನ್‌ನಲ್ಲಿ ನಾನು ಗೋಣಿಬೀಡಿನ ಹತ್ತಿರದ ಒಂದು ಮಕ್ಕಳ ನಿಲಯಕ್ಕೆ ಸೂಪರಿಂಟೆಂಡೆಂಟ್ ಆಗಿ ಸೇರಿದೆ. ಸೇರಿದ ದಿನ ಅಲ್ಲಿ ನಿಲಯವೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹೆಂಚು ಸರಿದ ಹಳೆಯ ಎಸ್ಟೇಟ್ ಬಂಗಲೆ, ಅದರ ಮುಂದೆ ಕಾಫಿ ಒಣಗಿಸುತ್ತಿದ್ದ ಬಿರುಕುಬಿಟ್ಟ ಕಣ, ಕಣದ ನಡುವೆ ಕೊಡೆ ಹಿಡಿದು ನಿಂತ ಸಿಸ್ಟರ್ ಬೆನೆಡಿಕ್ಟಾ, ಇಷ್ಟೇ ಇದ್ದದ್ದು. ಮನೆಯಲ್ಲೋ ಹೊರಗೋ ಹಿಂಸೆಗೆ ಸಿಕ್ಕಿದ, ಕೆಲಸಕ್ಕೆಂದು ಮಾರಿಹೋದ ಹೆಣ್ಣುಮಕ್ಕಳಿಗೆ ಅಲ್ಲೊಂದು ಮನೆ ಮಾಡಬೇಕೆಂದು ಕರಾವಳಿಯಿಂದ ಘಟ್ಟ ಹತ್ತಿ ಬಂದಿದ್ದರು ಅವರು. ಅವರಿಗೆ ದೇವರ ಮೇಲೆ ನಂಬಿಕೆಯಿತ್ತು. ನನಗೆ ಆ ಬಂಗಲೆಯ ತೊಲೆಗಳ ಮೇಲೂ ನಂಬಿಕೆಯಿರಲಿಲ್ಲ.

ಅದಕ್ಕೆ ಮೊದಲು ಹದಿನೆಂಟು ವರ್ಷ ನಾನು ಎಸ್ಟೇಟ್ ರೈಟರ್ ಆಗಿದ್ದೆ. ರೈಟರ್ ಎಂದರೆ ಕತೆ ಬರೆಯುವವನಲ್ಲ, ತೋಟದ ಗುಮಾಸ್ತ. ಬೆಳಿಗ್ಗೆ ಏಳೂವರೆಗೆ ಆಳುಗಳೆಲ್ಲ ಸಾಲಾಗಿ ನಿಲ್ಲುತ್ತಾರೆ, ರೈಟರ್ ಹೆಸರು ಕೂಗಿ ಪುಸ್ತಕದಲ್ಲಿ ಗುರುತು ಹಾಕುತ್ತಾನೆ, ಯಾರು ಯಾವ ಕಡೆ ಕೆಲಸಕ್ಕೆ ಎಂದು ಹಂಚುತ್ತಾನೆ. ಇದಕ್ಕೆ ಮಸ್ಟರ್ ಎನ್ನುತ್ತಾರೆ. ಕಾಫಿಯ ಧಾರಣೆ ನೆಲ ಕಚ್ಚಿದಾಗ ಧಣಿಗಳು ಎಲ್ಲರಿಗಿಂತ ಮೊದಲು ರೈಟರನ್ನು ಮನೆಗೆ ಕಳಿಸಿದರು. ಹೆಸರು ಕೂಗುವುದು ಬಿಟ್ಟು ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಆಗ ನನಗೆ ನಲವತ್ತೊಂದು.

“ನನ್ನನ್ನ ಯಾಕೆ ತಗೊಂಡ್ರಿ ಸಿಸ್ಟರ್?” ಎಂದು ಕೇಳಿದ್ದೆ.

“ನೂರಿಪ್ಪತ್ತು ಜನರನ್ನ ದಿನಾ ಎಣಿಸಿದವರಲ್ವಾ ನೀವು? ಕೆಲವು ಮಕ್ಕಳನ್ನ ಎಣಿಸಿಕೊಂಡಿರಿ, ಸಾಕು,” ಎಂದರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಸೋರುವ ಮಾಡು, ಹಾವು, ಬಾವಿ, ಜ್ವರ, ಪೊಲೀಸ್ ಎಂದು ನನ್ನ ಚಿಂತೆಗಳನ್ನೂ ಒಪ್ಪಿಸಿದೆ. ಅವಳು ಹುಳಿಗೆ ಒಗ್ಗರಣೆ ಹಾಕುತ್ತ, “ಇಷ್ಟು ವರ್ಷ ಪುಕ್ಕಟೆ ಚಿಂತೆ ಮಾಡಿದ್ರಿ ಮಾರಾಯ್ರೇ. ಇನ್ನು ಅದಕ್ಕೇ ಸಂಬಳ ಕೊಡ್ತಾರಂತಲ್ಲ, ಹೋಗಿ,” ಎಂದಳು.

ಗೋಣಿಬೀಡಿನ ಹೋಟೆಲಿನಲ್ಲಿ ಬೇರೆ ಮಾತು. “ಎಂತ ರೈಟ್ರೇ, ಶಿಲುಬೆ ಯಾವಾಗ ಹಾಕ್ಕೊಳ್ಳೋದು?” ಎಂದು ನಕ್ಕರು. ನಾನು ನಗಲಾರದೆ ನಕ್ಕು, ಆ ಚಿಂತೆಯನ್ನೂ ಸಿಸ್ಟರ್‌ಗೆ ತಲುಪಿಸಿದೆ. ಮೂಲೆಯ ಕೋಣೆಯೊಂದನ್ನು ಅವರು ಪ್ರಾರ್ಥನೆಗೆ ಇಟ್ಟುಕೊಂಡಿದ್ದರು. “ಆ ಬಾಗಿಲು ತೆರೆದಿರುತ್ತೆ. ಬರೋದು ಬಿಡೋದು ಮಕ್ಕಳಿಗೆ ಬಿಟ್ಟದ್ದು. ನೀವೂ ಒಂದು ಮಗು ಅಂತಲೇ ತಿಳ್ಕೊಳ್ಳಿ,” ಎಂದರು. ಹೋಟೆಲಿನವರಿಗೆ ಈ ಉತ್ತರ ಹೇಳಲಿಲ್ಲ. ಎರಡನೆಯ ಭಾಗ ನನ್ನ ಮರ್ಯಾದೆಯ ಪ್ರಶ್ನೆಯಾಗಿತ್ತು.

ಮಾಡು ಸರಿಯಾಯಿತು, ಬಾವಿಗೆ ಜಾಲರಿ ಬಂತು, ಅಡುಗೆಗೆ ಗಿರಿಜಕ್ಕ ಬಂದರು. ಆಗಸ್ಟ್‌ನಿಂದ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮಕ್ಕಳನ್ನು ತಾತ್ಕಾಲಿಕವಾಗಿ ಕಳಿಸತೊಡಗಿತು. ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವುದು ಆ ಸಮಿತಿಯೇ. ಸೆಪ್ಟೆಂಬರ್ ಕೊನೆಗೆ ಹದಿನಾಲ್ಕು ಮಕ್ಕಳಾದರು. ಹದಿನಾಲ್ಕನೆಯವಳನ್ನು ಇಲ್ಲಿ ಮಂಜುಳ ಎನ್ನುತ್ತೇನೆ, ನಿಜವಾದ ಹೆಸರು ಅದಲ್ಲ. ಹನ್ನೊಂದು ವರ್ಷ ಇರಬಹುದು. ದೂರದ ಊರಿನಿಂದ ಒಬ್ಬ ದಲ್ಲಾಳಿ ಮನೆಗೆಲಸಕ್ಕೆಂದು ಕರೆತಂದು, ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸಿದ್ದ. ಬಸ್ ನಿಲ್ದಾಣವೊಂದರಲ್ಲಿ ಪೊಲೀಸರ ಕಣ್ಣಿಗೆ ಬಿದ್ದಿದ್ದಳು. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು, ಹೇಳಿದ ಕೆಲಸವನ್ನು ಹೇಳಿ ಮುಗಿಸುವಷ್ಟರಲ್ಲಿ ಮಾಡುತ್ತಿದ್ದಳು. ಇವಳೊಬ್ಬಳ ಬಗ್ಗೆ ಚಿಂತೆಯಿಲ್ಲ ಎಂದುಕೊಂಡಿದ್ದೆ. ನನ್ನ ಚಿಂತೆ ಯಾವತ್ತೂ ಸರಿಯಾದ ವಿಳಾಸಕ್ಕೆ ಹೋದದ್ದಿಲ್ಲ.

ಮಕ್ಕಳನ್ನು ನಾನು ನನಗೆ ಗೊತ್ತಿದ್ದ ರೀತಿಯಲ್ಲೇ ನೋಡಿಕೊಂಡೆ. ಬೆಳಿಗ್ಗೆ ಏಳಕ್ಕೆ ಗಂಟೆ, ಕಣದಲ್ಲಿ ಸಾಲು, ಎತ್ತರದ ಪ್ರಕಾರ. ಹೆಸರು ಕೂಗುವುದು, ಗುರುತು ಹಾಕುವುದು, ಇಬ್ಬರಿಗೆ ಗುಡಿಸುವುದು, ಇಬ್ಬರಿಗೆ ಹೂವಿನ ಗಿಡ. ಹದಿನಾಲ್ಕು ಗುರುತು ಬಿದ್ದ ಮೇಲೆ ಅರ್ಧ ಗಂಟೆಯಾದರೂ ನನ್ನ ಎದೆ ಹಗುರಾಗಿರುತ್ತಿತ್ತು. ಸಿಸ್ಟರ್ ಒಂದು ಸಲ, “ಇದು ಬೇಕಾ ರೈಟ್ರೇ?” ಎಂದಿದ್ದರು. “ಶಿಸ್ತು ಸಿಸ್ಟರ್,” ಎಂದಿದ್ದೆ. ನನ್ನ ಸಮಾಧಾನಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದೆ, ಅಷ್ಟೆ.

ಡಿಸೆಂಬರ್‌ನ ಒಂದು ಶನಿವಾರ ಸಮಿತಿಯವರು ಪರಿಶೀಲನೆಗೆ ಬರುವುದೆಂದಾಯಿತು. ಅವರು ಒಪ್ಪಿ ವರದಿ ಕೊಟ್ಟರೆ ನಿಲಯಕ್ಕೆ ಸರ್ಕಾರದ ಮಾನ್ಯತೆ. ಇಲ್ಲದಿದ್ದರೆ ಮಕ್ಕಳನ್ನು ಬೇರೆ ಬೇರೆ ಊರುಗಳಿಗೆ ಹಂಚುತ್ತಾರೆ. ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಬೆಳಿಗ್ಗೆ ಎಲ್ಲರಿಗೂ ತಲೆಸ್ನಾನ, ಎರಡು ಜಡೆ, ಒಗೆದ ಫ್ರಾಕು. ಹತ್ತೂವರೆಗೆ ಜೀಪು ಬಂತು. ಒಬ್ಬ ಅಧಿಕಾರಿ, ಸಮಿತಿಯ ಸದಸ್ಯೆ ಒಬ್ಬರು ಮೇಡಂ. ನಾನು ಗಂಟೆ ಹೊಡೆದು, ಮಕ್ಕಳನ್ನು ಸಾಲು ನಿಲ್ಲಿಸಿ, ಒಬ್ಬೊಬ್ಬರ ಹೆಸರನ್ನೂ ಕೂಗಿದೆ.

ಮೇಡಂ ಒಳ್ಳೆಯವರು. ಸಾಲಿನುದ್ದಕ್ಕೂ ನಡೆದು ಬಂದು ಮಂಜುಳಳ ಮುಂದೆ ನಿಂತರು. ಗಲ್ಲ ಹಿಡಿದು, “ಎಷ್ಟು ಲಕ್ಷಣವಾಗಿದೀಯ! ನಮ್ಮನೆಗೆ ಬರ್ತೀಯಾ?” ಎಂದರು.

ನಮ್ಮ ಕಡೆ ಮಕ್ಕಳನ್ನು ಕಂಡರೆ ಎಲ್ಲರೂ ಹೇಳುವ ಮಾತು ಅದು. ನಾನೂ ನೂರು ಮಕ್ಕಳಿಗೆ ಹೇಳಿದ್ದೇನೆ. ಮಂಜುಳ ಎಂದಿನಂತೆ ತಲೆಯಾಡಿಸಿದಳು. ಎಲ್ಲರೂ ನಕ್ಕೆವು. ಅಧಿಕಾರಿ ನನ್ನ ಪುಸ್ತಕ ನೋಡಿ, “ವ್ಯವಸ್ಥೆ ಚೆನ್ನಾಗಿದೆ,” ಎಂದರು. ಆ ವರ್ಷದಲ್ಲೇ ನನಗೆ ಅಷ್ಟು ಖುಷಿಯಾದದ್ದು ಅದೊಂದೇ ಕ್ಷಣ.

ಊಟದ ಹೊತ್ತಿಗೆ ಗಿರಿಜಕ್ಕ ಬಾಗಿಲಿಗೆ ಬಂದು ಮೆಲ್ಲಗೆ, “ಒಂದು ತಟ್ಟೆ ಮಿಕ್ಕಿತಲ್ಲ ರೈಟ್ರೇ?” ಎಂದರು.

ಹೇಳಲು ನಾಚಿಕೆಯಾಗುತ್ತದೆ, ನಾನು ಮೊದಲು ನೋಡಿದ್ದು ಪುಸ್ತಕವನ್ನು. ಅಲ್ಲಿ ಹದಿನಾಲ್ಕು ಸರಿಯಾಗಿಯೇ ಇತ್ತು. ಆಮೇಲೆ ಕೋಣೆ, ಬಚ್ಚಲು, ಸೌದೆ ಕೊಟ್ಟಿಗೆ ಓಡಾಡಿದೆ. ಬಾವಿಯ ಜಾಲರಿ ಅಲುಗಾಡಿಸಿ ನೋಡಿದೆ. ಮಂಜುಳ ಇರಲಿಲ್ಲ. ಸಿಸ್ಟರ್ ಹತ್ತಿರ ಹೋಗಿ, “ಜೀಪು ಹೋಗೋ ತನಕ ಹೇಳೋದು ಬೇಡ. ಅಷ್ಟರಲ್ಲಿ ಹುಡುಕ್ತೀನಿ,” ಎಂದೆ.

ಸಿಸ್ಟರ್ ಒಪ್ಪಲಿಲ್ಲ. “ಮಗು ಹೋಗಿದೆ ರೈಟ್ರೇ. ಆ ದಲ್ಲಾಳಿ ಇನ್ನೂ ಹೊರಗೇ ಇದ್ದಾನೆ. ಎಷ್ಟು ಜನಕ್ಕೆ ಗೊತ್ತಾದ್ರೆ ಅಷ್ಟು ಕಣ್ಣು.” ಹಾಗೆಂದವರೇ ನೇರ ಹೋಗಿ ಊಟಕ್ಕೆ ಕೂತಿದ್ದ ಇಬ್ಬರಿಗೂ ಹೇಳಿಬಿಟ್ಟರು.

ಅಧಿಕಾರಿ ಜೀಪಿನಲ್ಲಿ ಬಸ್ ನಿಲ್ಲುವ ಜಾಗಕ್ಕೆ ಹೋದರು. ಸಿಸ್ಟರ್ ಮತ್ತು ಮೇಡಂ ಕೆರೆಯ ದಾರಿ ಹಿಡಿದರು. ನಾನು ಹಿಂದಿನ ಬೇಲಿ ದಾಟಿ ಪಕ್ಕದ ಎಸ್ಟೇಟಿಗೆ ನುಗ್ಗಿದೆ. ಕುಯ್ಲಿನ ಕಾಲ, ಗಿಡಗಳ ತುಂಬ ಕೆಂಪು ಹಣ್ಣು, ಎರಡು ಗಿಡದಾಚೆ ಏನೂ ಕಾಣುವುದಿಲ್ಲ. ಕೂಗಬೇಕೆಂದರೆ ಅವಳ ಹೆಸರು ಬಾಯಿಗೆ ಬರುತ್ತಿತ್ತು, ಮಸ್ಟರಿನ ರಾಗದಲ್ಲೇ. ಹಾಗೆ ಕೂಗಿದೆ ಕೂಡ.

ಇಳಿಜಾರಿನಲ್ಲಿ ಏಳೆಂಟು ಹೆಂಗಸರು ಹಣ್ಣು ಕುಯ್ಯುತ್ತಿದ್ದರು. ಅವರ ನಡುವೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಎರಡು ಜಡೆಯ ಮಂಜುಳ. ಅವಳ ಕೈ ನಿಲ್ಲದೆ ಆಡುತ್ತಿತ್ತು.

“ಮಂಜುಳಾ, ಬಾ ಇಲ್ಲಿ!”

ಅವಳು ಪಕ್ಕದ ಹೆಂಗಸಿನ ಹಿಂದೆ ಸರಿದಳು. ಆ ಹೆಂಗಸು, ಲಲಿತಕ್ಕ ಎಂದು ಆಮೇಲೆ ತಿಳಿಯಿತು, ಕತ್ತಿ ಹಿಡಿದಂತೆ ಕೈ ಅಡ್ಡ ಹಿಡಿದಳು. “ಅಲ್ಲೇ ನಿಲ್ಲಿ. ಯಾರು ನೀವು?”

“ಆ ಬಂಗಲೆಯಲ್ಲಿ ಸೂಪರಿಂಟೆಂಡೆಂಟು...”

“ಎಂತದ್ದೋ ಆಗಿರಿ. ಹುಡುಗಿ ಹೇಳ್ಲಿ. ಮಗಾ, ಯಾರೇ ಇವ್ರು?”

ಮಂಜುಳ ನನ್ನನ್ನು ನೋಡದೆ ಹೇಳಿದಳು: “ಸಾಲು ನಿಲ್ಸೋರು.”

“ಸಾಲು ನಿಲ್ಸಿ?”

“ಹೆಸ್ರು ಕೂಗ್ತಾರೆ. ಆಮೇಲೆ ಯಾರಾದ್ರೂ ಬಂದು ಕರ್ಕೊಂಡು ಹೋಗ್ತಾರೆ.” ಬಳಿಕ ಲಲಿತಕ್ಕನ ಸೆರಗು ಹಿಡಿದು, “ನಾನು ಕೆಲ್ಸ ಮಾಡ್ತಿದೀನಲ್ಲ? ಕೆಲ್ಸ ಮಾಡೋರನ್ನ ಕಳಿಸಲ್ಲ ಅಲ್ವಾ?” ಎಂದಳು.

ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನು ನೋಡಿದರು. ತೋಟದಲ್ಲಿ ಕಾಫಿ ಕಳ್ಳರನ್ನು ಹಿಡಿದದ್ದನ್ನು ಕಂಡಿದ್ದೇನೆ. ಅವರನ್ನೂ ಯಾರೂ ಹಾಗೆ ನೋಡಿರಲಿಲ್ಲ.

ಆಮೇಲೆ, ತಿಂಗಳುಗಳ ಮೇಲೆ, ಅವಳು ಸಿಸ್ಟರ್‌ಗೆ ಚೂರುಚೂರಾಗಿ ಹೇಳಿದ್ದು ಇದು. ದಲ್ಲಾಳಿಯ ಮನೆಯಲ್ಲಿ ಯಾರಾದರೂ ಬರುವ ದಿನ ಹುಡುಗಿಯರಿಗೆ ತಲೆಸ್ನಾನ ಮಾಡಿಸಿ, ಜಡೆ ಹಾಕಿ, ಒಗೆದ ಬಟ್ಟೆ ತೊಡಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಬಂದವರು ಗಲ್ಲ ಹಿಡಿದು ನೋಡುತ್ತಿದ್ದರು. ಒಬ್ಬಳ ಹೆಸರು ಕೂಗುತ್ತಿದ್ದರು. ಅವಳು ಹೋಗುತ್ತಿದ್ದಳು. ನಾನು ಏನೊಂದನ್ನೂ ಬಿಟ್ಟಿರಲಿಲ್ಲ. ಅದೂ ಒಂದು ದಿನವಲ್ಲ. ಎರಡೂವರೆ ತಿಂಗಳು, ನನ್ನ ಎದೆ ಹಗುರಾಗುತ್ತಿದ್ದ ಪ್ರತಿ ಬೆಳಿಗ್ಗೆ, ಆ ಮಗು ಕಣದಲ್ಲಿ ನಿಂತು ಇವತ್ತು ನನ್ನ ಸರದಿಯೋ ಎಂದು ಕಾಯುತ್ತಿತ್ತು.

ಇದೆಲ್ಲ ಆಗ ಗೊತ್ತಿರಲಿಲ್ಲ. ಆದರೆ “ಸಾಲು ನಿಲ್ಸೋರು” ಎಂಬುದೇ ಸಾಕಾಗಿತ್ತು. ನಾನು ಹಿಂದೆ ಸರಿದು ನೆಲದ ಮೇಲೆ ಕುಳಿತೆ. “ಸಿಸ್ಟರನ್ನ ಕರೆಸಿ,” ಎಂದೆ. ಲಲಿತಕ್ಕನ ಜೊತೆಯವಳೊಬ್ಬಳು ಕೆರೆಯ ಕಡೆ ಓಡಿದಳು.

ಸಿಸ್ಟರ್ ಬಂದರು, ಹಿಂದೆಯೇ ಗಿಡಕ್ಕೆ ಸಿಕ್ಕಿದ ಸೆರಗು ಬಿಡಿಸಿಕೊಳ್ಳುತ್ತ ಮೇಡಂ. ಮಂಜುಳ ಅಂದದ್ದನ್ನು ನಾನು ಹೇಳಿದೆ. ಮೇಡಂ ಹತ್ತಿರ ಹೋಗದೆ, ದೂರದಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿದರು: “ನಾನು ನಿನ್ನ ಕರ್ಕೊಂಡು ಹೋಗೋಕೆ ಬಂದಿಲ್ಲಮ್ಮ. ತಮಾಷೆಗೆ ಅಂದೆ. ಅನ್ನಬಾರದಿತ್ತು. ತಪ್ಪಾಯ್ತು.”

ಮಂಜುಳ ಅವರನ್ನು ಬಹಳ ಹೊತ್ತು ನೋಡಿದಳು. ದೊಡ್ಡವರು ತಪ್ಪಾಯ್ತು ಎನ್ನುವುದನ್ನು ಅವಳು ಎಲ್ಲಿಯೂ ಕೇಳಿರಲಾರಳು.

“ಜೀಪು ಮೊದ್ಲು ಹೋಗ್ಲಿ,” ಎಂದಳು.

“ಮೇಡಂ, ಸ್ಟೋರ್ ರೂಮು ಇನ್ನೂ ನೋಡಿಲ್ಲ...” ಎಂದು ನನ್ನ ಬಾಯಿಂದ ಹೊರಟೇಬಿಟ್ಟಿತು. ಸಿಸ್ಟರ್, ಮೇಡಂ, ಲಲಿತಕ್ಕ ಮೂವರೂ ಒಟ್ಟಿಗೆ ನನ್ನತ್ತ ತಿರುಗಿದರು.

ಮೇಡಂ ಎದ್ದು ಹೋದರು. ಸ್ವಲ್ಪ ಹೊತ್ತಿಗೆ, ಬಸ್ ನಿಲ್ಲುವ ಜಾಗದಿಂದ ವಾಪಸಾಗಿದ್ದ ಜೀಪು ಹೊರಟ ಸದ್ದು ಕೇಳಿಸಿತು. ಗೇಟು, ತಿರುವು, ಆಮೇಲೆ ಏರು. ಮಂಜುಳ ಕತ್ತು ಓರೆ ಮಾಡಿ, ಸದ್ದು ಪೂರ್ತಿ ಕರಗುವ ತನಕ ಕೇಳಿದಳು. ಬಳಿಕ ಚೀಲ ಬಿಚ್ಚಿ ಹಣ್ಣನ್ನೆಲ್ಲ ಲಲಿತಕ್ಕನ ಚೀಲಕ್ಕೆ ಸುರಿದು, ಸಿಸ್ಟರ್ ಕೈ ಹಿಡಿದಳು. ಬಂಗಲೆಯ ತನಕ ನಾನಿದ್ದ ಕಡೆಗೆ ಅವಳು ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಗಂಟೆ ಹೊಡೆಯಲಿಲ್ಲ. ಆದರೆ ಎಣಿಸದೆ ಇರಲೂ ಆಗಲಿಲ್ಲ, ಬೆರಳುಗಳು ತಾವೇ ಮಡಚಿಕೊಳ್ಳುತ್ತಿದ್ದವು. ಮಕ್ಕಳು ಇದ್ದಲ್ಲಿಗೇ ಹೊರಟೆ. ಒಬ್ಬಳು ಬಚ್ಚಲ ಒಲೆಯ ಮುಂದೆ, ಇಬ್ಬರು ಮೆಟ್ಟಿಲಲ್ಲಿ, ಒಬ್ಬಳು ಹೊದಿಕೆಯೊಳಗೇ. ಹಿಂದೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹದಿಮೂರು ಜನ ಸಿಕ್ಕರು. ಇನ್ನೊಮ್ಮೆ ಎಣಿಸಲು ತಿರುಗಿದರೆ ಮಂಜುಳ ಹಿಂದೆಯೇ ನಿಂತಿದ್ದಳು. ನಾನು ಏನು ಮಾಡುತ್ತೇನೆಂದು ನೋಡಲು ಉದ್ದಕ್ಕೂ ಹಿಂಬಾಲಿಸಿದ್ದಳು.

“ಎಲ್ರೂ ಇದಾರಾ?” ಎಂದು ಕೇಳಿದಳು.

“ಇದಾರೆ.”

“ಇವತ್ತು ಯಾರನ್ನೂ ಕಳಿಸಲ್ವಾ?”

“ಇಲ್ಲ.”

“ನಾಳೆ?”

“ನಾಳೆನೂ ಇಲ್ಲ.”

ಫೆಬ್ರವರಿಯಲ್ಲಿ ಸಮಿತಿ ಇನ್ನೊಮ್ಮೆ ಬಂತು. ಮೇಡಂ ಜೀಪನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬಂದರು. ಮಕ್ಕಳು ಎಲ್ಲೆಲ್ಲಿದ್ದರೋ ಅಲ್ಲಿಗೇ ಹೋಗಿ ಮಾತಾಡಿಸಿದರು. ಮಾನ್ಯತೆ ಸಿಕ್ಕಿತು. ಹನ್ನೆರಡು ವರ್ಷ ಆ ನಿಲಯದಲ್ಲಿ ಕೆಲಸ ಮಾಡಿದೆ. ಅದು ನನಗೆ ಕಲಿಸಿದ್ದು ಇಷ್ಟು: ಮಕ್ಕಳನ್ನು ಎಣಿಸುವುದಾದರೆ ಎಣಿಸುವವನೇ ನಡೆಯಬೇಕು, ಮಕ್ಕಳನ್ನು ನಿಲ್ಲಿಸಬಾರದು. ಅದಕ್ಕೆ ಹೊತ್ತು ಹಿಡಿಯುತ್ತದೆ, ಮಂಡಿ ನೋಯುತ್ತದೆ. ಬೇರೆ ದಾರಿ ನನಗೆ ಕಾಣಲಿಲ್ಲ.

ಮಂಜುಳ ಆ ಮೂರು ಪ್ರಶ್ನೆಗಳನ್ನು ದಿನಾ ಬೆಳಿಗ್ಗೆ ಕೇಳುತ್ತಿದ್ದಳು, ನಾನು ಉತ್ತರ ಹೇಳುತ್ತಿದ್ದೆ. 2005ರ ಜುಲೈನ ಒಂದು ಬೆಳಿಗ್ಗೆ ಅವಳು ಕೇಳಲಿಲ್ಲ. ನನಗೆ ಗಾಬರಿಯಾಯಿತು. ಅರ್ಧ ಗಂಟೆ ತಡೆದುಕೊಂಡು, ಕೊನೆಗೆ ನಾನೇ ಹುಡುಕಿಕೊಂಡು ಹೋದೆ. ಕಿಟಕಿಯ ಹತ್ತಿರ ನಿಂತು, ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು ಜಡೆ ಹೆಣೆಯುತ್ತಿದ್ದಳು.

“ಎಂತ ಮಗಾ, ಇವತ್ತು ಕೇಳ್ಲೇ ಇಲ್ಲ?”

ರಿಬ್ಬನ್ ತೆಗೆದು, ನನ್ನತ್ತ ತಿರುಗದೆಯೇ ಹೇಳಿದಳು:

“ಪುರುಸೊತ್ತಿಲ್ಲ ರೈಟ್ರೇ. ಸ್ಕೂಲಿಗೆ ಹೊತ್ತಾಯ್ತು.”