ಮುಚ್ಚಳ ಸದ್ದು ಮಾಡಬಾರದು

ಸುವಾ ಸರೋವರದ ದಡದ ನಮ್ಮ ಮೋಟರ್ ಕಾರ್ಖಾನೆಯಲ್ಲಿ ತೊಕಿಕೊ ಅವರ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ಮೋಟರಿನೊಳಗೆ ಕಾಂತಗಳು ಕಬ್ಬಿಣದ ಹಲ್ಲುಗಳನ್ನು ದಾಟುವಾಗ ಎಳೆತ ಏರಿಳಿಯುತ್ತದೆ. ತಿರುಗುವ ಬಲ ಅಲೆಯಲೆಯಾಗಿ ತುಯ್ಯುತ್ತದೆ. ಮೋಟರ್ ಕಟ್ಟುವ ಮೊದಲೇ ಆ ತುಯ್ತ ಎಷ್ಟೆಂದು ಹೇಳುವುದು ಅವರ ಕೆಲಸ. ಅವರು ಹೇಳುತ್ತಿದ್ದರು, ಪರೀಕ್ಷಾ ಕೊಠಡಿಯ ಮಿನಗಾವಾ ಅಳೆಯುತ್ತಿದ್ದ, ಎರಡೂ ಹೊಂದುತ್ತಿದ್ದವು.

ಹೋದ ವರ್ಷ ಅವರ ಗಂಡ ಶಿಗೆಹಿಸಾ ತೀರಿಕೊಂಡರು. ಟೀ ಪಾತ್ರೆಯ ಮುಚ್ಚಳ ಕಟಕಟ ಎಂದರೂ ಎದ್ದು ಹೋಗಿ ಕಾಗದ ಮಡಿಸಿ ಸಿಕ್ಕಿಸುತ್ತಿದ್ದ ಮನುಷ್ಯ. ಅವರ ಅಸ್ಥಿಯ ಕುಡಿಕೆ ಊರ ದೇಗುಲದ ಹೊಸ ಕಟ್ಟಡಕ್ಕೆ ಹೋಗಬೇಕಿತ್ತು. ಅಲ್ಲಿ ಕುಡಿಕೆಗಳೆಲ್ಲ ಗೋಡೆಯೊಳಗಿನ ಗೂಡುಗಳಲ್ಲಿರುತ್ತವೆ. ಮನೆಯವರು ಬಂದಾಗ ಯಂತ್ರ ಅವರ ಕುಡಿಕೆಯನ್ನು ತಂದು ಮುಂದಿಡುತ್ತದೆ. ಅದಕ್ಕೆ ನಮ್ಮದೇ ಮೋಟರ್. ತುಯ್ತ ಹೆಚ್ಚಾದರೆ ಪಿಂಗಾಣಿ ಮುಚ್ಚಳ ಕಟಕಟ ಎನ್ನುವುದು ಖಂಡಿತ.

"ಆ ಮೋಟರಿನ ತುಯ್ತ ಎಷ್ಟು ಬಂತು?" ಎಂದು ಕೇಳಿದರು ತೊಕಿಕೊ.

"ನೀವು ಹೇಳಿದಷ್ಟೇ," ಎಂದ ಮಿನಗಾವಾ, ಅವರು ಕೇಳಿ ಮುಗಿಸುವ ಮೊದಲೇ.

ತೊಕಿಕೊ ಅವರಿಗೆ ಮೊದಲ ಬಾರಿ ಅನುಮಾನ ಬಂತು. "ಮುಂದಿನ ಮಾದರಿ ಹಿಂದಕ್ಕೆ ತಿರುಗುತ್ತೆ ಅಂತ ನನ್ನ ಲೆಕ್ಕ," ಎಂದರು.

ಮರುದಿನ ಅವನು ಬೆವರು ಒರೆಸಿಕೊಳ್ಳುತ್ತ ಬಂದ. "ಹೌದು ತೊಕಿಕೊ ಅವ್ರೇ. ಸ್ವಲ್ಪ ಹಿಂದಕ್ಕೇ ಹೋಯ್ತು."

"ಇಷ್ಟು ವರ್ಷ ನೀನು ಅಳೆದದ್ದಾದ್ರೂ ಏನನ್ನಪ್ಪಾ?"

"ಹಿರಿಯರ ಲೆಕ್ಕ ತಪ್ಪು ಅಂತ ಹೇಗೆ ಹೇಳ್ಲಿ? ನಂಗೆ ಕೆಲಸ ಕಲಿಸಿದೋರೂ ಹೀಗೇ ಮಾಡ್ತಿದ್ರು."

"ಇನ್ಮೇಲೆ ನಾನು ಮೊದಲೇ ಹೇಳಲ್ಲ. ನೀನೇ ಅಳೆದು ನೋಡು."

"ಉತ್ತರ ಗೊತ್ತಿಲ್ದೆ ಅಳೆಯೋದು ಹೇಗೆ?" ಅವನು ನಿಜಕ್ಕೂ ಗಾಬರಿಯಾಗಿದ್ದ.

ಆಗ ತೊಕಿಕೊ ಗಂಡನನ್ನೇ ಬಟ್ಟೆಯಲ್ಲಿ ಕಟ್ಟಿಕೊಂಡು ಕಾರ್ಖಾನೆಗೆ ತಂದರು. ಹೊರಗಿನವರಿಗೆ ಬಿಲ್ಲೆಯಿಲ್ಲದೆ ಪ್ರವೇಶವಿಲ್ಲ. ಗೇಟಿನವನು ಗಂಟಿಗೆ 'ಸಂದರ್ಶಕರು' ಎಂಬ ಬಿಲ್ಲೆ ಸಿಕ್ಕಿಸಿ, ಹೊರಗಿನವರು ಒಳಗೆ ಮೆಟ್ಟಿಕೊಳ್ಳುವ ಒಂದು ಜೊತೆ ಚಪ್ಪಲಿಯನ್ನೂ ಮುಂದೆ ಇಟ್ಟ.

"ಯಜಮಾನರಿಗೆ ದೊಡ್ಡ ಅಳತೆ ಬೇಕಿತ್ತೇನೋ?"

"ಇರ್ಲಿ ಬಿಡಪ್ಪ. ಇವತ್ತು ನಾನೇ ಎತ್ಕೊಂಡು ಹೋಗ್ತೀನಿ."

ಪರೀಕ್ಷಾ ಮೇಜಿನ ತಟ್ಟೆಯ ಮೇಲೆ ಕುಡಿಕೆ ಕೂತಿತು. ದೇಗುಲದ ಮೋಟರ್ ತಿರುಗಿತು. ಮುಚ್ಚಳ ಕಟಕಟ ಎಂದಿತು. ತೊಕಿಕೊ ಕಣ್ಣು ಮುಚ್ಚಿಕೊಂಡರು. ಮಿನಗಾವಾ ಮಾಪಕದ ಮುಳ್ಳನ್ನು ನೋಡಿದ, ಕುಡಿಕೆಯನ್ನು ನೋಡಿದ, ಸೊಂಟದವರೆಗೆ ಬಾಗಿದ.

"ಕ್ಷಮಿಸಬೇಕು ಯಜಮಾನರೇ. ನಿಮ್ಮ ಮನೆಯವ್ರು ಮೊದಲು ಹೇಳಿದ್ದರ ಮೂರು ಪಟ್ಟು ಇದೆ."

"ಅಬ್ಬಾ! ಅಂತೂ ಒಂದು ನಿಜವಾದ ಸಂಖ್ಯೆ ಸಿಕ್ತು," ಎಂದು ತೊಕಿಕೊ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ಎಲ್ಲ ಕಾಂತಗಳ ಬಲವೂ ಒಂದೇ ಎಂದು ಅವರು ನಂಬಿದ್ದೇ ತಪ್ಪಾಗಿತ್ತು. ಲೆಕ್ಕ ತಿದ್ದಿದರು, ಕಾಂತಗಳನ್ನು ತುಸು ಓರೆಯಾಗಿ ಕೂರಿಸಿದರು. ಒಂದೊಂದು ಕಾಂತವೂ ಹಲ್ಲನ್ನು ಒಮ್ಮೆಗೇ ದಾಟದೆ ಜಾರುತ್ತ ದಾಟತೊಡಗಿತು. ಮಿನಗಾವಾ ಮತ್ತೆ ಅಳೆದು, "ಈ ಸಲ ನಿಮ್ಮ ಲೆಕ್ಕಕ್ಕಿಂತ ಸ್ವಲ್ಪ ಕಮ್ಮಿ. ಕ್ಷಮಿಸಿ," ಎಂದ.

ದೇಗುಲದಲ್ಲಿ ಮೊದಲ ದಿನ ನಾವೆಲ್ಲ ಗೋಡೆಯಲ್ಲಿ ಕುಡಿಕೆ ಬರುವ ಪುಟ್ಟ ಬಾಗಿಲಿಗೆ ಬೆನ್ನು ಮಾಡಿ ಪುರೋಹಿತರ ಮಾತು ಕೇಳುತ್ತಿದ್ದೆವು.

"ಸ್ವಲ್ಪ ಕಾಯ್ಬೇಕು, ಈಗ ಬರ್ತಾರೆ," ಎಂದರು ಅವರು.

ತೊಕಿಕೊ ತಿರುಗಿ ನೋಡಿದರು. ಬಾಗಿಲು ಆಗಲೇ ತೆರೆದು, ಕುಡಿಕೆ ಬಂದು ಕೂತಿತ್ತು.

"ಬಂದ್ರಾ? ಗೊತ್ತೇ ಆಗ್ಲಿಲ್ಲ ನೋಡ್ರೀ."