ಭರಣಿಯ ಮೀನಿನ ಹೊಟ್ಟೆ

ಮೀನು ತಿಂದೇ ಬೆಳೆದ ಮನೆ ನಮ್ಮದು. ಕಿವಿರು ಎತ್ತಿ ನೋಡಿ, ಬಂಗುಡೆ ಇವತ್ತಿನದೋ ನಿನ್ನೆಯದೋ ಎಂದು ಹೇಳಲು ನನಗೆ ಹನ್ನೆರಡನೆಯ ವಯಸ್ಸಿಗೇ ಬರುತ್ತಿತ್ತು. ಆದರೆ ಜೀವಂತ ಮೀನಿಗೆ ಸೌಖ್ಯ ಉಂಟೋ ಇಲ್ಲವೋ ಎಂದು ನೋಡುವ ಪ್ರಸಂಗ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

ಅದು ಬಂದದ್ದು ಭಾವನಿಂದ. ಯುದ್ಧಕ್ಕೆ ಮುಂಚಿನ ಮಾತು. ಅಕ್ಕ ಚೊಚ್ಚಲ ಹೆರಿಗೆಗೆಂದು ಕುಲಶೇಖರದ ನಮ್ಮ ಮನೆಗೆ ಬಂದಿದ್ದಳು. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಭಾವ ಅವಳನ್ನು ನೋಡಲು ಸ್ಟೀಮರಿನಲ್ಲಿ ಬಂದವರು ಹಿತ್ತಾಳೆಯ ತಂಬಿಗೆಯಲ್ಲಿ ಒಂದು ಬಂಗಾರದ ಮೀನು ತಂದಿದ್ದರು. ದಾರಿಯುದ್ದಕ್ಕೂ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರಂತೆ. ಅಂಗಡಿಯಿಂದ ಪೆಪ್ಪರ್‌ಮಿಂಟಿನ ಖಾಲಿ ಗಾಜಿನ ಭರಣಿ ತಂದು, ಬಾವಿಯ ನೀರು ತುಂಬಿಸಿ, ಮೀನನ್ನು ಬಿಟ್ಟು ಅಕ್ಕನ ಕಿಟಕಿಯಲ್ಲಿಟ್ಟೆವು.

"ಇದರ ಜಾತಿಯೇ ಸ್ವಲ್ಪ ಗುಂಡಗೆ," ಎಂದರು ಭಾವ. ಎರಡು ದಿನ ಇದ್ದು ಹೊರಟುಹೋದರು.

ವಾರ ಕಳೆಯುವುದರೊಳಗೆ ಮೀನು ಇನ್ನಷ್ಟು ಗುಂಡಗಾಯಿತು. ಭಾವ ಹೇಳಿದ ಗುಂಡಗೆ ಎಂದರೆ ಇದೋ, ಇದಕ್ಕಿಂತ ಕಡಿಮೆಯೋ? ಅಂಥ ಮೀನನ್ನು ನಾವು ಮೊದಲೆಲ್ಲಾದರೂ ಕಂಡಿದ್ದರೆ ತಾನೇ ಈಗ ಬೇರೆಯಾಗಿದೆ ಎನ್ನಲು ಬರುವುದು! ಕಾಗದ ಬರೆದು ಉತ್ತರ ಬರುವಷ್ಟು ತಾಳ್ಮೆ ನನಗಿರಲಿಲ್ಲ. ಬಂದರಿನಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸನ್ನೇ, ಇದಕ್ಕೆ ಕಾಯಿಲೆಯೇನಾದರೂ ಉಂಟೋ ಎಂದು ಕೇಳಿದೆ. ಮೀನಿನ ವಿಷಯದಲ್ಲಿ ಆಕೆಯ ಮಾತೆಂದರೆ ನಮ್ಮ ಮನೆಗೆ ಹೈಕೋರ್ಟಿನ ತೀರ್ಪು.

ಆಕೆ ಭರಣಿಗೆ ಮೂಗು ತಾಗಿಸಿ ನೋಡಿ ನಕ್ಕಳು. "ಎಂತ ಸೀಕು ಮಾರಾಯ್ತಿ? ಹೊಟ್ಟೆ ತುಂಬ ಮೊಟ್ಟೆ ಉಂಟು. ನಿನ್ನ ಅಕ್ಕನ ಹಾಗೆ ಇದಕ್ಕೂ ದಿನ ತುಂಬ್ತಾ ಉಂಟು."

ಅಕ್ಕನಿಗೆ ಆದ ಖುಷಿ ಹೇಳತೀರದು. ಭರಣಿಯ ಮೇಲೆ ಬೆರಳಿನಿಂದ ತಟ್ಟಿ, "ಯಾರದ್ದು ಮೊದಲು, ನೋಡುವ," ಎಂದು ಮೀನಿನೊಡನೆ ಪಂಥ ಕಟ್ಟಿದಳು. ದಿನ ಲೆಕ್ಕ ಇಡುವ ಕೆಲಸ ನನಗೆ ಬಂತು. ದಿನಾ ಶಾಲೆಯಿಂದ ಬಂದವಳೇ ಕಿಟಕಿಯ ಪಕ್ಕದ ಗೋಡೆಯಲ್ಲಿ ಮಸಿಯಿಂದ ಒಂದು ಗೆರೆ ಎಳೆಯುತ್ತಿದ್ದೆ.

ಅಕ್ಕನ ಪಾದವೂ ಬಾತುಕೊಂಡಿತ್ತು. ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ದಪ್ಪಗಿರುತ್ತಿತ್ತು, ತಲೆನೋವು ಎನ್ನುತ್ತಿದ್ದಳು. "ಚೊಚ್ಚಲಲ್ಲಿ ಇದೆಲ್ಲ ಇದ್ದದ್ದೇ," ಎಂದರು ಅಮ್ಮ. ಐದು ಹೆತ್ತವರ ಎದುರು ಮಾತಾಡುವವರು ಯಾರು? ನಾನಂತೂ ಅಕ್ಕನ ಕಾಲನ್ನು ಸರಿಯಾಗಿ ನೋಡಿದ್ದೇ ಇಲ್ಲ. ನನ್ನ ಕಣ್ಣೆಲ್ಲ ಭರಣಿಯಲ್ಲಿ.

ಎಂಟನೆಯ ಗೆರೆಯ ದಿನ ಮೀನಿನ ಮೈಮೇಲಿನ ಹುರುಪೆಗಳು ಎದ್ದು ನಿಂತವು, ಮಳೆಯಲ್ಲಿ ನೆನೆದ ಕೋಳಿಯ ಗರಿಯ ಹಾಗೆ. ಮರುದಿನ ಅದು ಓರೆಯಾಗಿ ತೇಲತೊಡಗಿತು. ದಿನಕ್ಕೆರಡು ಸಲ ನೀರು ಬದಲಿಸಿದೆ. ಅನ್ನದ ಅಗುಳು ಹಾಕಿದೆ, ತಿನ್ನಲಿಲ್ಲ. ಮತ್ತೆ ಎಂತ ಮಾಡಬೇಕೆಂದು ಗೊತ್ತಿದ್ದವರು ಇಡೀ ಊರಿನಲ್ಲೇ ಇರಲಿಲ್ಲ. ಭರಣಿಯ ಎದುರು ಸುಮ್ಮನೆ ಕುಳಿತಿರುತ್ತಿದ್ದೆ. ಅಳುವೂ ಬರುತ್ತಿತ್ತು, ಬೊಂಬಾಯಿಯಲ್ಲಿದ್ದ ಭಾವನ ಮೇಲೆ ಸಿಟ್ಟೂ ಬರುತ್ತಿತ್ತು.

ಹನ್ನೊಂದನೆಯ ಗೆರೆ ಎಳೆದ ಮರುದಿನ ಬೆಳಿಗ್ಗೆ ಮೀನು ಸತ್ತಿತ್ತು.

ಮೀನಿನ ಹೆಂಗಸು ಅಂಗಳಕ್ಕೆ ಬಂದು ಬುಟ್ಟಿ ಇಳಿಸುವುದಕ್ಕೆ ಮುಂಚೆಯೇ ನಾನು ಅದನ್ನು ಅವಳ ಎದುರು ಹಿಡಿದೆ. "ಮೊಟ್ಟೆ ಎಲ್ಲುಂಟು?" ಎಂದು ಕೇಳಿದೆ. ಆಕೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದಳು. ಮೊಟ್ಟೆ ಬರಲಿಲ್ಲ. ನೀರು ಬಂತು, ಬರೀ ನೀರು.

"ಸೀಕಿನ ಮೀನು ನಾನೆಲ್ಲಿ ನೋಡಿದ್ದೇನೆ ಮಗಾ?" ಎಂದಳು. ದನಿ ಇಳಿದಿತ್ತು. "ಬಲೆಗೆ ಬರುವುದೆಲ್ಲ ಗಟ್ಟಿ ಇದ್ದದ್ದೇ. ಸೀಕಿನದ್ದು ಸಮುದ್ರದಲ್ಲೇ ಹೋಗ್ತದೆ."

ನಮ್ಮ ಮಾತು ಕೇಳಿ ಅಕ್ಕ ಬಾಗಿಲ ದಾರಂದ ಹಿಡಿದು ಹೊರಗೆ ಬಂದಳು, ಹಿಂದೆಯೇ ಅಮ್ಮನೂ. ಮೀನಿನ ಹೆಂಗಸು ಅಕ್ಕನ ಕಾಲು ನೋಡಿದಳು. ಸೀರೆಗೆ ಕೈ ಒರೆಸಿಕೊಂಡು ಬಗ್ಗಿ, ಅದೇ ಹೆಬ್ಬೆರಳಿನಿಂದ ಪಾದದ ಗಂಟಿನ ಹತ್ತಿರ ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. ನಾವೆಲ್ಲ ಆ ಗುಳಿಯನ್ನೇ ನೋಡುತ್ತಾ ನಿಂತೆವು.

"ಅಮ್ಮಾ, ಗಾಡಿ ತರಿಸಿ," ಎಂದಳು ಆಕೆ. "ಈಗಲೇ."

ಜಟಕಾದಲ್ಲಿ ಅಕ್ಕ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಆಸ್ಪತ್ರೆಯ ಲೇಡಿ ಡಾಕ್ಟರು ಅದೇ ಜಾಗ ಒತ್ತಿ ನೋಡಿ, "ಇದು ಯಾವತ್ತಿನಿಂದ ಉಂಟು?" ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. "ಸ್ವಲ್ಪ ದಿನದಿಂದ," ಎಂದರು ಅಮ್ಮ, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ.

ಮಗು ಉಳಿಯಲಿಲ್ಲ. ಅಕ್ಕ ಉಳಿದಳು.

ಮೂರು ವಾರದ ನಂತರ ಅವಳನ್ನು ಮನೆಗೆ ಕರೆತಂದೆವು. ಭರಣಿಯನ್ನು ನಾನು ಮೊದಲೇ ಅಡಗಿಸಿಟ್ಟಿದ್ದೆ, ಗೋಡೆಯ ನೆನಪಾಗಿರಲಿಲ್ಲ. ಅಕ್ಕ ಮಲಗಿದಲ್ಲಿಂದಲೇ ಕೈ ಚಾಚಿ ಮಸಿಯ ಗೆರೆಗಳನ್ನು ಒಂದೊಂದಾಗಿ ಮುಟ್ಟಿದಳು.

"ಹನ್ನೊಂದು," ಎಂದಳು. ಕೊನೆಯ ಗೆರೆಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು, "ನನ್ನ ಕಾಲಿನದ್ದು ಎಷ್ಟು ದಿನ ಆಗಿತ್ತು?"

ನನಗೆ ಗೊತ್ತಿರಲಿಲ್ಲ.